ಹಿತ್ತಲ ಬಾಗಿಲಿಗೆ ಬಂದವರು

ಮಂಡ್ಯ

ಪುಟ್ಟೀ,

ನಿನ್ನ ಭಾಷಣ ಓದಿದೆ. ‘ನಾಯಕರ ಹೆಂಡತಿಯರು’ ಅಂತ ಹೆಸರಿಟ್ಟು, ಅರ್ಧಕ್ಕರ್ಧ ಸೀರೆ, ಒಡವೆಯಲ್ಲೇ ಮುಗಿಸಿದ್ದೀಯಲ್ಲ. ನನಗ್ಯಾಕೋ ಸಮಾಧಾನ ಆಗಲಿಲ್ಲ.

ನಿಮ್ಮಪ್ಪ ಪಂಚಾಯ್ತಿ ಅಧ್ಯಕ್ಷರಾಗಿದ್ದಾಗ ನೀನಿನ್ನೂ ಚಿಕ್ಕವಳು. ಬೆಳಗ್ಗೆ ಆರಕ್ಕೇ ಜಗಲಿ ತುಂಬಿರುತ್ತಿತ್ತು. ಬಂದವರಿಗೆಲ್ಲ ಬೆಲ್ಲದ ಟೀ. ಲೋಟ ಸಾಲದೆ ಪಕ್ಕದ ಮನೆಯಿಂದ ತರಿಸುತ್ತಿದ್ದೆ. ಗಂಡಸರು ಜಗಲಿಯಲ್ಲಿ, ಹೆಂಗಸರು ಹಿತ್ತಲ ಬಾಗಿಲಲ್ಲಿ. ಮೇಲಿನ ಬೀದಿಯ ನಲ್ಲಿಯಲ್ಲಿ ಹದಿನೈದು ದಿನದಿಂದ ನೀರಿಲ್ಲ ಅಂತ ನನಗೆ ಗೊತ್ತಾಗಿದ್ದು ಲೋಟ ತೊಳೆಯುತ್ತಾ ಕೂತಿದ್ದಾಗ. ರಾತ್ರಿ ಮುದ್ದೆ ಬಡಿಸುವಾಗ ಹೇಳಿದೆ. ‘ನನಗ್ಯಾರೂ ಹೇಳಲೇ ಇಲ್ವಲ್ಲ’ ಅಂದರು. ಜಗಲಿಯಲ್ಲಿ ಯಾರು ಹೇಳುತ್ತಾರೆ? ನೀರು ಹೊರುವವರು ಅಲ್ಲಿಗೆ ಬರುತ್ತಲೇ ಇರಲಿಲ್ಲ.

ಅದಕ್ಕೇ ಹ್ಯಾರಿಯೆಟ್ ಲೇನ್‌ಗೆ ನೀನು ಒಂದೇ ಸಾಲು ಕೊಟ್ಟಿದ್ದು ಬೇಜಾರಾಯ್ತು. ಅಮೆರಿಕದ ಅಧ್ಯಕ್ಷ ಬ್ಯೂಕ್ಯಾನನ್ ಮದುವೆಯಾದವರಲ್ಲ. 1857ರಿಂದ 1861ರವರೆಗೆ ಶ್ವೇತಭವನದ ಅತಿಥಿಗಳನ್ನು ನೋಡಿಕೊಂಡವಳು ಅವರ ತಂಗಿಯ ಮಗಳು ಈ ಹ್ಯಾರಿಯೆಟ್. ಗುಲಾಮಗಿರಿಯ ಜಗಳದಲ್ಲಿ ಅಲ್ಲಿನ ಉತ್ತರದ ರಾಜ್ಯದವರಿಗೂ ದಕ್ಷಿಣದವರಿಗೂ ಮುಖ ಕೊಟ್ಟು ಮಾತಿಲ್ಲದ ಕಾಲ ಅದು. ಯಾರ ಅಂತಸ್ತಿಗೂ ಕುಂದು ಬರದ ಹಾಗೆ, ಆಗದವರು ಅಕ್ಕಪಕ್ಕ ಕೂರದ ಹಾಗೆ ಊಟಕ್ಕೆ ಕೂರಿಸುತ್ತಿದ್ದಳಂತೆ. ನಮ್ಮ ಕಡೆ ಬೀಗರ ಊಟಕ್ಕೆ ಪಂಕ್ತಿ ಹಾಕಿದವರಿಗೆ ಗೊತ್ತು ಅದರ ಕಷ್ಟ!

ಇಂದಿರಾ ಗಾಂಧಿಯನ್ನೂ ಪ್ರಧಾನಿಯಾದ ಮೇಲಿಂದಷ್ಟೇ ಬರೆದಿದ್ದೀಯ. ಅವರಮ್ಮ ಕಮಲಾ ನೆಹರು 1936ರಲ್ಲೇ ತೀರಿಕೊಂಡಿದ್ದರು. ನೆಹರು ಪ್ರಧಾನಿಯಾಗಿದ್ದಾಗ ಇದ್ದ ದೆಹಲಿಯ ತೀನ್ ಮೂರ್ತಿ ಭವನದಲ್ಲಿ ಅಪ್ಪನ ಅತಿಥಿಗಳನ್ನು ನೋಡಿಕೊಂಡವರು ಇಂದಿರಾ. ದೇಶ ವಿದೇಶದ ನಾಯಕರ ಮಾತನ್ನೆಲ್ಲ ಅಲ್ಲೇ ಕೇಳಿಸಿಕೊಂಡಿರಬೇಕು, ಅಲ್ವಾ?

ಇನ್ನು ನಮ್ಮ ಮೈಸೂರಿನ ಮಹಾರಾಣಿ ವಾಣಿ ವಿಲಾಸ ಸನ್ನಿಧಾನ. ಮೈಸೂರಲ್ಲೇ ಓದುತ್ತಾ ಅವರನ್ನೇ ಮರೆತರೆ ಹೇಗೆ? 1894ರ ಕೊನೆಯಲ್ಲಿ ಅವರ ಗಂಡ, ಮಹಾರಾಜ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡಾಗ ಮಗನಿಗೆ ಹತ್ತು ವರ್ಷ. ದುಃಖದಲ್ಲಿ ಮೂಲೆ ಸೇರಲಿಲ್ಲ ಆ ತಾಯಿ. 1902ರವರೆಗೆ ರಾಜ್ಯ ನೋಡಿಕೊಂಡರು. 1897ರಲ್ಲಿ ಮಗಳ ಮದುವೆ ಹೊತ್ತಲ್ಲೇ ಮರದ ಅರಮನೆಗೆ ಬೆಂಕಿ ಬಿತ್ತು. ನೀನು ದಸರಾದಲ್ಲಿ ದೀಪ ನೋಡುವ ಅರಮನೆಯ ಕೆಲಸ ಶುರುವಾಗಿದ್ದು ಅವರ ಕಾಲದಲ್ಲೇ. ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಗಿದ್ದೂ 1902ರಲ್ಲಿ. ಇದಕ್ಕೆ ಒಂದು ಪುಟವಾದರೂ ಕೊಡು. ಒಡವೆ ಭಾಗ ಹೊಡೆದುಹಾಕು.

ಹಾಂ, ಆ ನಲ್ಲಿ ಸರಿಯಾದ ದಿನ ಪೂಜೆ ಮಾಡಿ ನಿಮ್ಮಪ್ಪನಿಗೆ ಹಾರ ಹಾಕಿದರು. ನನ್ನನ್ನು ಕರೆದಿರಲಿಲ್ಲ. ಟೀ ಮಾತ್ರ ನಮ್ಮ ಮನೆಯಿಂದಲೇ ಹೋಗಿತ್ತು.

ನಿನ್ನ
ಅವ್ವ