ಹೊಟ್ಟೆ ಕರಗಿಸುವ ಕ್ಯಾಪ್ಸೂಲಿಗೆ ಲೆಕ್ಕ ಕೇಳಿ

ಮಾನ್ಯ ಸಂಪಾದಕರೇ,

ಮೊದಲೆಲ್ಲ ಭೇದಿಯಾದಾಗ, ಆಂಟಿಬಯಾಟಿಕ್ ಕೊಟ್ಟಾಗ ಡಾಕ್ಟರು ಪ್ರೋಬಯಾಟಿಕ್, ಅಂದರೆ ದೇಹಕ್ಕೆ ಒಳ್ಳೆಯದು ಮಾಡುವ ಜೀವಂತ ಬ್ಯಾಕ್ಟೀರಿಯಾ ಇರುವ ಔಷಧಿ, ಬರೆದುಕೊಡುತ್ತಿದ್ದರು. ಈಗ ಶಿವಮೊಗ್ಗದ ಔಷಧಿ ಅಂಗಡಿಗಳಲ್ಲಿ ಹೊಟ್ಟೆ ಕರಗಿಸಲು ಅಂತ ಜನ ತಾವೇ ಅದನ್ನು ಕೇಳಿ ಒಯ್ಯುತ್ತಿದ್ದಾರೆ. ವಾಟ್ಸ್ಆಪ್ ಜಾಹೀರಾತು ನಂಬಿದರೆ ಮೂರು ತಿಂಗಳಲ್ಲಿ ಬೊಜ್ಜು ಮಾಯ.

ಪೂರ್ತಿ ಸುಳ್ಳೇನಲ್ಲ. 2010ರಲ್ಲಿ ಪ್ರಕಟವಾದ ಜಪಾನಿನ ಒಂದು ಪ್ರಯೋಗದಲ್ಲಿ 87 ಮಂದಿಗೆ ದಿನಕ್ಕೆ 200 ಗ್ರಾಂ ಹುಳಿಬರಿಸಿದ ಹಾಲು ಕೊಟ್ಟರು. ಸುಮಾರು ಅರ್ಧ ಜನರ ಹಾಲಿನಲ್ಲಿ ಮಾತ್ರ ಲ್ಯಾಕ್ಟೋಬ್ಯಾಸಿಲಸ್ ಗ್ಯಾಸೆರಿ ಎಂಬ ಬ್ಯಾಕ್ಟೀರಿಯಾದ ಒಂದು ತಳಿ ಇತ್ತು. 12 ವಾರ ಕಳೆದಾಗ ಅವರ ಹೊಟ್ಟೆಯೊಳಗಿನ ಕೊಬ್ಬು ಶೇ 4.6ರಷ್ಟು, ತೂಕ ಶೇ 1.4ರಷ್ಟು ಇಳಿದಿತ್ತು. ಎಪ್ಪತ್ತು ಕೆಜಿ ಇರುವವರಿಗೆ ಲೆಕ್ಕ ಹಾಕಿ, ಒಂದು ಕೆಜಿ ಆಯಿತು. ಅದೇ ತಳಿಯ ಮೇಲೆ 2013ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ, ಹಾಲು ನಿಲ್ಲಿಸಿ ನಾಲ್ಕೇ ವಾರಕ್ಕೆ ಸಿಕ್ಕಿದ ಲಾಭ ಕಡಿಮೆಯಾಗಿತ್ತು. ಹಲವು ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದ 2018ರ ವಿಶ್ಲೇಷಣೆಯಲ್ಲಿ ಸಿಕ್ಕಿದ ವ್ಯತ್ಯಾಸ ಸರಾಸರಿ ಅರ್ಧ ಕೆಜಿ ಚಿಲ್ಲರೆ, ಅಷ್ಟೇ.

ತಳಿ ಬದಲಾದರೆ ಫಲವೂ ಬದಲಾಗುತ್ತದೆ. 2014ರ ಕೆನಡಾದ ಪ್ರಯೋಗದಲ್ಲಿ ಬೇರೆ ತಳಿಯೊಂದರಿಂದ ಹೆಂಗಸರ ತೂಕ ಜಾಸ್ತಿ ಇಳಿಯಿತು, ಗಂಡಸರಿಗೆ ಏನೂ ಉಪಯೋಗ ಆಗಲಿಲ್ಲ. ನಮ್ಮಲ್ಲಿ ಕ್ಯಾಪ್ಸೂಲ್ ಕೊಳ್ಳುವವರು ಯಾವ ತಳಿ ಅಂತ ಕೇಳುವುದೇ ಇಲ್ಲ.

ಇನ್ನೊಂದು ಕಡೆ, ‘ದಿನಾ ಮಜ್ಜಿಗೆ ಕುಡಿಯೋ ಮಲೆನಾಡಿನವರಿಗೆ ಇದೆಲ್ಲ ಯಾಕೆ’ ಅನ್ನುವವರಿದ್ದಾರೆ. ಅದೂ ಅರ್ಧ ಸರಿ. ಮನೆಯ ಮೊಸರಿನಲ್ಲಿ ಜೀವಂತ ಬ್ಯಾಕ್ಟೀರಿಯಾ ಇವೆ. ಒಂದೆಲಗದ ತಂಬುಳಿಗೆ ಮಜ್ಜಿಗೆ ಬೆರೆಸಿದ ಮೇಲೆ ಕುದಿಸುವುದಿಲ್ಲವಾದ್ದರಿಂದ ಅದರಲ್ಲೂ ಉಳಿಯುತ್ತವೆ. ಮಜ್ಜಿಗೆ ಹುಳಿ ಕುದಿಸಿದರೆ, ಇಡ್ಲಿ ಬೇಯಿಸಿದರೆ ಸಾಯುತ್ತವೆ. ಆದರೆ ಒಬ್ಬೊಬ್ಬರ ಮನೆಯ ಹೆಪ್ಪಿನಲ್ಲಿ ಒಂದೊಂದು ಬಗೆ. ಅದು ಹೊಟ್ಟೆ ಇಳಿಸುತ್ತದೆ ಅನ್ನಲು ಆಧಾರ ಇಲ್ಲ. ತಂಬುಳಿಯ ರುಚಿಗೆ ಎರಡು ಸಲ ಜಾಸ್ತಿ ಅನ್ನ ಬಡಿಸಿಕೊಳ್ಳುವವರಿಗಂತೂ ಖಂಡಿತ ಇಲ್ಲ!

ನಿಜ ಹೇಳಬೇಕೆಂದರೆ ನಮ್ಮ ಊಟ ಹಾಗೇ ಉಳಿದಿದೆ, ಮೈಕೆಲಸ ಕಡಿಮೆಯಾಗಿದೆ. ಅಡಿಕೆ ಕೊನೆ ಇಳಿಸಲು ಫೈಬರ್ ದೋಟಿ ಬಂತು, ಅಡಿಕೆ ಸುಲಿಯಲು ಯಂತ್ರ ಬಂತು. ಮನೆಯಿಂದ ತೋಟಕ್ಕೆ ಹೋಗುವುದೂ ಬೈಕಿನಲ್ಲೇ. ಭಾರತೀಯರಲ್ಲಿ ಗಂಡಸರ ಸೊಂಟದ ಸುತ್ತಳತೆ 90, ಹೆಂಗಸರದ್ದು 80 ಸೆಂ.ಮೀ. ದಾಟಿದರೆ ಅಪಾಯ ಅನ್ನುತ್ತಾರೆ ವೈದ್ಯರು. ಸಾಗರ, ತೀರ್ಥಹಳ್ಳಿಯ ಯಾವುದೇ ಮದುವೆ ಮನೆಯ ಪಂಕ್ತಿಯಲ್ಲಿ ಟೇಪು ಹಿಡಿದು ನಿಂತರೆ ಗೊತ್ತಾಗುತ್ತದೆ.

ಪ್ರೋಬಯಾಟಿಕ್ ಉತ್ಪನ್ನದಲ್ಲಿ ದಿನದ ಪ್ರಮಾಣಕ್ಕೆ ಕನಿಷ್ಠ 10 ಕೋಟಿ ಜೀವಂತ ಬ್ಯಾಕ್ಟೀರಿಯಾ ಇರಬೇಕು ಎಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವಿದೆ. ತಳಿಯ ಹೆಸರು, ಈ ಸಂಖ್ಯೆ, ಎರಡನ್ನೂ ಡಬ್ಬಿಯ ಮೇಲೆ ನೋಡಿ ಕೊಳ್ಳಿ. ರೋಗನಿರೋಧಕ ಶಕ್ತಿ ಕುಗ್ಗಿದವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ನಿಮ್ಮ ಪತ್ರಿಕೆಯಲ್ಲೂ ಒಂದು ಬದಲಾವಣೆ ಆಗಲಿ: ಆರೋಗ್ಯ ಪುಟದಲ್ಲಿ ಪ್ರೋಬಯಾಟಿಕ್ ಬಗ್ಗೆ ಬರೆಯುವಾಗ ಯಾವ ತಳಿ, ಎಷ್ಟು ವಾರ, ಎಷ್ಟು ತೂಕ ಇಳಿಯಿತು ಎಂಬುದನ್ನು ತಪ್ಪದೆ ಹಾಕಿ.

– ನಿವೃತ್ತ ವಿಜ್ಞಾನ ಶಿಕ್ಷಕ, ತೀರ್ಥಹಳ್ಳಿ