ಹಕ್ಕಿಗೂ ಒಂದು ತುತ್ತು

ಸಂಪಾದಕರೇ ನಮಸ್ಕಾರ,

ನಾವಿರೋದು ಅಮೆರಿಕದ ಮಿಷಿಗನ್‌ನಲ್ಲಿ, ನಿಮ್ಮ ಪೇಪರ್ ಓದೋದು ಮೊಬೈಲಲ್ಲೇ. ಜನವರಿ ಚಳಿಗೆ ಮಕ್ಳು ಮನೇಲೇ ಕೂತು ಟ್ಯಾಬ್ ಉಜ್ತಿದ್ರು, ಅದಕ್ಕೇ ಹೋದ ಭಾನುವಾರ ಹಕ್ಕಿಗೆ ಊಟ ಕಟ್ಟೋಣ ಬನ್ನಿ ಅಂತ ಕೂರಿಸ್ದೆ. ಪೈನ್ ಮರದ ಒಣ ಕಾಯಿಗೆ ಉಪ್ಪು ಸಕ್ಕರೆ ಇಲ್ಲದ ಪೀನಟ್ ಬಟರ್ ಮೆತ್ತಿ, ಕಪ್ಪು ಸೂರ್ಯಕಾಂತಿ ಬೀಜದಲ್ಲಿ ಹೊರಳಾಡ್ಸಿ, ದಾರ ಕಟ್ಟಿ ಮೇಪಲ್ ಕೊಂಬೆಗೆ ನೇತಾಕೋದು, ಅಷ್ಟೇ ಕೆಲ್ಸ. ಅರ್ಧ ಬೀಜ ಕಾರ್ಪೆಟ್ ಮೇಲೆ, ಬಟರ್ ಮಗನ ತಲೇಲಿ, ಅದು ಬೇರೆ ಕಥೆ.

ಎರಡು ದಿನ ಯಾರೂ ಇಲ್ಲ. ಮೂರನೇ ದಿನ ಮೊದ್ಲು ಬಂದಿದ್ದು ಅಳಿಲು! ಆಮೇಲೆ ಕಪ್ಪು ಟೋಪಿ ಹಾಕ್ದಂಗಿರೋ ಚಿಕಡೀ ಅನ್ನೋ ಪುಟ್ಟ ಹಕ್ಕಿ, ಒಂದೊಂದೇ ಬೀಜ ಕಚ್ಕೊಂಡು ಹಾರೋಗಿ ಕಾಲಲ್ಲಿ ಒತ್ತಿ ಹಿಡಿದು ಕುಟ್ಟಿ ತಿನ್ನುತ್ತೆ, ಕೆಲವನ್ನ ತೊಗಟೆ ಸಂದೀಲಿ ಬಚ್ಚಿಡುತ್ತೆ, ನಮ್ಮಜ್ಜಿ ಸಾಸಿವೆ ಡಬ್ಬೀಲಿ ಕಾಸು ಬಚ್ಚಿಟ್ಟಂಗೆ. ಅಜ್ಜಿ ಊರಲ್ಲಿ ಭತ್ತದ ತೆನೆ ಹೆಣೆದು ಜಗಲೀಲಿ ಗುಬ್ಬಿಗೆ ಕಟ್ತಿದ್ರು ಅಂದ್ರೆ ಮಕ್ಳು ನಂಬ್ತಿಲ್ಲ.

ಆ ತೆನೆ ಹೆಣೆಯೋದು ನಂಗೆ ಮರೆತೇ ಹೋಗಿದೆ, ನಿಮ್ಮ ಮಕ್ಕಳ ಪುಟದಲ್ಲಿ ಒಂದ್ಸಲ ಫೋಟೋ ಸಮೇತ ಹಾಕ್ತೀರಾ?

ಇತಿ,
ಒಬ್ಬ ಓದುಗ, ಮಿಷಿಗನ್