ಪೋಷಕರಿಗೆ ಪತ್ರ: ಕಸಬರಿಗೆ, ದೋಣಿ, ಸ್ಕೂಲ್ ಬ್ಯಾಗ್

ಕಾರವಾರ

ಪ್ರಿಯ ಪೋಷಕರೇ, ನಮಸ್ಕಾರ.

ಮಕ್ಕಳು ಓದೋದು ಬಿಟ್ಟು ಕಸಬರಿಗೆಯನ್ನು ಬೆರಳ ಮೇಲಿಟ್ಟು ಆಡುತ್ತಿದ್ದಾರೆ ಎಂದು ಕೆಲವರು ಫೋನ್ ಮಾಡಿದ್ದಿರಿ. ದಯವಿಟ್ಟು ಬೈಯಬೇಡಿ. ಅದು ನಾವೇ ಕೊಟ್ಟ ಹೋಂವರ್ಕ್.

ಎಂಟನೇ ತರಗತಿಗೆ ಈಗ ಗುರುತ್ವ ಕೇಂದ್ರ ಹೇಳಿಕೊಡುತ್ತಿದ್ದೇವೆ. ಇದನ್ನು ದ್ರವ್ಯರಾಶಿ ಕೇಂದ್ರ ಅಂತಲೂ ಕರೆಯುತ್ತಾರೆ. ನಾವು ದಿನಾ ಬಳಸುವ ವಸ್ತುಗಳಲ್ಲಿ ಎರಡೂ ಒಂದೇ ಜಾಗ. ವಸ್ತುವಿನ ಅಷ್ಟೂ ತೂಕ ಆ ಒಂದು ಬಿಂದುವಿನಲ್ಲೇ ಇದೆ ಎಂದು ಲೆಕ್ಕ ಹಿಡಿಯಬಹುದು. ಆ ಬಿಂದುವಿನಿಂದ ನೇರ ಕೆಳಗೆ ಒಂದು ಗೆರೆ ಎಳೆಯಿರಿ. ಅದು ವಸ್ತು ಊರಿಕೊಂಡ ಜಾಗದೊಳಗೆ ಬಿದ್ದರೆ ವಸ್ತು ನಿಲ್ಲುತ್ತದೆ. ಹೊರಗೆ ಹೋದರೆ ಮಗುಚುತ್ತದೆ.

ಈಗ ಕಸಬರಿಗೆಯ ವಿಷಯ. ಉದ್ದ ಕೋಲಿನದ್ದೇ ಬೇಕು. ಅದನ್ನು ಎರಡೂ ಕೈಯ ತೋರುಬೆರಳುಗಳ ಮೇಲೆ ಅಡ್ಡ ಮಲಗಿಸಿ, ಬೆರಳುಗಳನ್ನು ನಿಧಾನ ಹತ್ತಿರ ತನ್ನಿ. ಹೇಗೆ ತಂದರೂ ಕೋಲು ಬೀಳುವುದಿಲ್ಲ. ಯಾವ ಬೆರಳಿನ ಮೇಲೆ ಭಾರ ಜಾಸ್ತಿಯೋ ಅಲ್ಲಿ ಹಿಡಿತವೂ ಜಾಸ್ತಿ, ಹಾಗಾಗಿ ಇನ್ನೊಂದು ಬೆರಳು ಜಾರುತ್ತದೆ. ಜಾರುತ್ತಾ ಅದರ ಮೇಲೂ ಭಾರ ಏರುತ್ತದೆ, ಅದು ನಿಲ್ಲುತ್ತದೆ, ಮೊದಲನೆಯದು ಜಾರಲು ಶುರು. ಕೊನೆಗೆ ಎರಡೂ ಸೇರುವುದು ಗುರುತ್ವ ಕೇಂದ್ರದ ಕೆಳಗೇ.

ಇಲ್ಲಿ ಮಕ್ಕಳಿಗೆ ಒಂದು ಪ್ರಶ್ನೆ ಕೇಳಿ. ಸರಿಯಾಗಿ ಆ ಜಾಗದಲ್ಲಿ ಕತ್ತರಿಸಿದರೆ ಎರಡು ತುಂಡುಗಳ ತೂಕ ಸಮ ಇರುತ್ತದಾ? ಕ್ಲಾಸಿನಲ್ಲಿ ಹೆಚ್ಚಿನವರು ಹೌದು ಎಂದರು. ಸಮ ಇರೋದಿಲ್ಲ! ಗುಡಿಸುವ ತುದಿಯ ಗಿಡ್ಡ ತುಂಡೇ ಭಾರ. ಸಮತೋಲಕ್ಕೆ ಬರೀ ತೂಕ ಸಾಲದು, ದೂರವನ್ನೂ ಗುಣಿಸಬೇಕು. ಮೀನು ಮಾರ್ಕೆಟ್ಟಿನ ತಕ್ಕಡಿಯಲ್ಲಿ ಎರಡೂ ಕಡೆ ದೂರ ಸಮ, ಅದಕ್ಕೇ ಅಲ್ಲಿ ತೂಕವೂ ಸಮ ಬರುತ್ತದೆ. ಕಸಬರಿಗೆಯನ್ನು ನಿಜವಾಗಿ ಕತ್ತರಿಸಲು ಮಾತ್ರ ಬಿಡಬೇಡಿ.

ಇದರಲ್ಲಿ ನಿಮಗೆ ಗೊತ್ತಿರುವಷ್ಟು ನಮ್ಮ ಟೀಚರುಗಳಿಗೂ ಗೊತ್ತಿಲ್ಲ ಎಂಬುದು ನನ್ನ ಅಭಿಪ್ರಾಯ. ಸಣ್ಣ ದೋಣಿಯಲ್ಲಿ ಎದ್ದು ನಿಲ್ಲಬೇಡ ಎಂದು ಮಕ್ಕಳಿಗೆ ಗದರಿಸುತ್ತೀರಿ. ನಿಂತರೆ ದೋಣಿ ಮತ್ತು ಜನ ಸೇರಿದ ಗುರುತ್ವ ಕೇಂದ್ರ ಮೇಲೇರುತ್ತದೆ, ಸ್ವಲ್ಪ ವಾಲಿದರೂ ಸಾಕು, ಮಗುಚಬಹುದು. ಬೋಟಿನಲ್ಲಿ ಐಸು, ಮೀನು ತಳಕ್ಕೆ ತುಂಬಿದರೆ ಗುರುತ್ವ ಕೇಂದ್ರ ಕೆಳಗಿಳಿಯುವ ಲಾಭ ಸಿಗುತ್ತದೆ. ತಲೆ ಮೇಲೆ ಮೀನು ಬುಟ್ಟಿ ಹೊತ್ತ ತಾಯಂದಿರು ಕುತ್ತಿಗೆ ನೆಟ್ಟಗಿಟ್ಟು ನಡೆಯುವುದೂ ಭಾರ ಪಾದಗಳ ಮೇಲೇ ಬೀಳಲಿ ಅಂತ, ಅಲ್ವಾ?

ಮೂರನೇ ಶನಿವಾರ ಸಂಭ್ರಮ ಶನಿವಾರ, ಬ್ಯಾಗ್ ಇಲ್ಲದ ದಿನ. ಅವತ್ತು ದೋಣಿ ಕೆಲಸದ ಪೋಷಕರೊಬ್ಬರು ಅರ್ಧ ಗಂಟೆ ಬಂದು ಮಾತಾಡಿದರೆ ತುಂಬಾ ಉಪಕಾರ. ಮಕ್ಕಳು ನಮ್ಮ ಜಿಲ್ಲೆಯ ನಕ್ಷೆಯನ್ನು ರಟ್ಟಿನಲ್ಲಿ ಕತ್ತರಿಸಿ, ಒಂದು ಅಂಚಿನಿಂದ ತೂಗುಹಾಕಿ, ಕಲ್ಲು ಕಟ್ಟಿದ ದಾರದ ಗುಂಟ ಗೆರೆ ಎಳೆಯುತ್ತಾರೆ. ಇನ್ನೊಂದು ಅಂಚಿನಿಂದಲೂ ಹಾಗೇ. ಎರಡು ಗೆರೆ ಕೂಡಿದಲ್ಲಿ ಪೆನ್ಸಿಲ್ ಮೊನೆ ಇಟ್ಟರೆ ನಕ್ಷೆ ನಿಲ್ಲಬೇಕು. ಅದು ಯಾವ ತಾಲ್ಲೂಕು ಎಂದು ಮನೆಗೆ ಬಂದು ಅವರೇ ಹೇಳಲಿ. ಹಳೇ ರಟ್ಟು, ದಾರ ಕಳಿಸಿದರೆ ಸಾಕು, ಅಂಗಡಿಯಿಂದ ಏನೂ ತರಬೇಡಿ.

ಇನ್ನು ಉಳಿದ ದಿನಗಳ ಬ್ಯಾಗು. ಬೆನ್ನ ಹಿಂದೆ ಭಾರ ನೇತುಬಿದ್ದರೆ ಗುರುತ್ವ ಕೇಂದ್ರ ಹಿಂದಕ್ಕೆ ಸರಿಯುತ್ತದೆ. ಬೀಳದಿರಲು ಮಗು ಮುಂದಕ್ಕೆ ಬಾಗುತ್ತದೆ. 2019ರ ಸರ್ಕಾರಿ ಆದೇಶದಂತೆ 6ರಿಂದ 8ನೇ ತರಗತಿಯವರ ಬ್ಯಾಗ್ 3ರಿಂದ 4 ಕಿಲೋ ಮೀರಬಾರದು. ದಪ್ಪ ಪುಸ್ತಕಗಳು ಬೆನ್ನಿಗೆ ತಾಗುವಂತೆ ಒಳಗಿರಲಿ, ಪಟ್ಟಿ ಎಳೆದು ಬಿಗಿ ಮಾಡಿ. ನೀರಿನ ಬಾಟಲಿ ಖಾಲಿಯೇ ಕಳಿಸಿ, ಶಾಲೆಯಲ್ಲಿ ತುಂಬಿಸಿಕೊಳ್ಳಲಿ.

ಮಾತಾಡಲು ಬರುವವರು ಗುರುವಾರದೊಳಗೆ ಕ್ಲಾಸ್ ಟೀಚರಿಗೆ ಒಂದು ಮಾತು ತಿಳಿಸಿ.

ಇಂತಿ,
ಮುಖ್ಯ ಶಿಕ್ಷಕಿ